ಅಲೆಕ್ಸಾಂಡರ್ ಲೂರಿಯಾ: ಕೆಟ್ಟ ಮಿದುಳಿಗೆ ಹೊಸ ದಾರಿ ಹುಡುಕಿದ ಪಂಡಿತ

ಹತ್ತು ಮೇಜುಗಳ ಗಿರಾಕಿಗಳು ಕೇಳಿದ ತಿಂಡಿಗಳನ್ನು ಒಂದು ಚೀಟಿಯನ್ನೂ ಬರೆಯದೆ ನೆನಪಿನಲ್ಲಿಟ್ಟುಕೊಂಡು, ಯಾರಿಗೆ ದೋಸೆ, ಯಾರಿಗೆ ಇಡ್ಲಿ, ಯಾರ ಕಾಫಿಗೆ ಸಕ್ಕರೆ ಬೇಡ ಎಂಬುದನ್ನು ತಪ್ಪದೆ ತಂದಿಡುವ ಮಾಣಿಯನ್ನು ನಾವೆಲ್ಲರೂ ಬಲ್ಲೆವು. ಈ ಶಕ್ತಿಯನ್ನು ನಾವು ಸಹಜವೆಂದೇ ಎಣಿಸುತ್ತೇವೆ. ಆದರೆ ಮೂವತ್ತು ವರ್ಷ ಗಲ್ಲಾದಲ್ಲಿ ಕುಳಿತು ಲೆಕ್ಕ ನೋಡಿದ ಹಿರಿಯರೊಬ್ಬರು ಲಕ್ವ ಹೊಡೆದು ಎದ್ದ ಮೇಲೆ ಎರಡು ಸಂಖ್ಯೆಗಳನ್ನು ಕೂಡಿಸಲಾರದೆ ಹೋದರೆ, ಎದುರಿಗಿರುವ ಲೋಟದ ಹೆಸರನ್ನು ಹೇಳಲಾರದೆ ತಡವರಿಸಿದರೆ, ಅವರ ಬುದ್ಧಿಯೇ ಹೋಯಿತೆಂದು ತೀರ್ಮಾನಿಸಿ ಊರಿನ ಬಸ್ಸು ಹತ್ತಿಸಿಬಿಡುವುದು ಲೋಕದ ರೂಢಿ. ಆ ತೀರ್ಮಾನ ಸರಿಯೇ? ಒಂದು ಶಕ್ತಿ ಹೋದರೆ ಇಡೀ ಮನುಷ್ಯನೇ ಹೋದಂತೆಯೇ?

ಈ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿ ಬಾಳನ್ನು ಸವೆಸಿದವರು ರಶಿಯಾದ ಅಲೆಕ್ಸಾಂಡರ್ ರೊಮಾನೊವಿಚ್ ಲೂರಿಯಾ. ಮಿದುಳಿನ ಯಾವ ಭಾಗ ಕೆಟ್ಟರೆ ಮನಸ್ಸಿನ ಯಾವ ಕಾರ್ಯ ಕುಂದುತ್ತದೆ, ಕುಂದಿದ ಕಾರ್ಯವನ್ನು ಮತ್ತೆ ಹೇಗೆ ಕಟ್ಟಬಹುದು ಎಂಬುದನ್ನು ವಿಚಾರಿಸುವ ಶಾಸ್ತ್ರಕ್ಕೆ ನರಮನಶ್ಶಾಸ್ತ್ರವೆಂದು ಹೆಸರು. ಈ ಶಾಸ್ತ್ರಕ್ಕೆ ತಳಹದಿ ಹಾಕಿದವರಲ್ಲಿ ಲೂರಿಯಾ ಅಗ್ರಗಣ್ಯರು.

ಬಾಲ್ಯ ಮತ್ತು ವಿದ್ಯಾಭ್ಯಾಸ

ವೋಲ್ಗಾ ನದಿಯ ತೀರದ ಕಜಾನ್ ನಗರದಲ್ಲಿ 1902ನೆಯ ಜುಲೈ 16ರಂದು ಲೂರಿಯಾ ಜನಿಸಿದರು. ತಂದೆ ರೊಮಾನ್ ಲೂರಿಯಾ ಹೆಸರಾಂತ ವೈದ್ಯರು, ತಾಯಿ ದಂತವೈದ್ಯೆ. ಮನೆತನ ಯೆಹೂದ್ಯರದು. ಝಾರ್ ಚಕ್ರವರ್ತಿಗಳ ಆಳ್ವಿಕೆಯಲ್ಲಿ ಯೆಹೂದ್ಯರ ಮಕ್ಕಳಿಗೆ ವಿಶ್ವವಿದ್ಯಾನಿಲಯಗಳಲ್ಲಿ ಬೆರಳೆಣಿಕೆಯ ಸ್ಥಾನಗಳನ್ನು ಮಾತ್ರ ಕೊಡುತ್ತಿದ್ದರು. 1917ರ ಕ್ರಾಂತಿಯೊಡನೆ ಆ ಕಟ್ಟು ಕಡಿಯಿತು. ಹದಿನಾರರ ಹರೆಯದಲ್ಲೇ ಕಜಾನ್ ವಿಶ್ವವಿದ್ಯಾನಿಲಯವನ್ನು ಸೇರಿದ ಲೂರಿಯಾ 1921ರಲ್ಲಿ ಪದವೀಧರರಾದರು.

ಅದು ಹಸಿವಿನ ಕಾಲ, ಅಭಾವದ ಕಾಲ. ಆದರೂ ತರುಣ ಲೂರಿಯಾರ ಉತ್ಸಾಹಕ್ಕೆ ಮೇರೆಯಿರಲಿಲ್ಲ. ಮನೋವಿಶ್ಲೇಷಣೆಯ ಸಂಘವೊಂದನ್ನು ಕಟ್ಟಿ ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡರೊಡನೆ ಪತ್ರವ್ಯವಹಾರ ನಡೆಸಿದರು. ದುಡಿಮೆ ಮತ್ತು ಮನಸ್ಸಿನ ಸಂಬಂಧವನ್ನು ಕುರಿತ ಪತ್ರಿಕೆಯೊಂದನ್ನು ಹೊರಡಿಸಲು ಹೊರಟಾಗ ಮುದ್ರಿಸಲು ಕಾಗದವೇ ಸಿಗಲಿಲ್ಲ. ಸಾಬೂನಿನ ಕಾರ್ಖಾನೆಗೆ ಹೋಗಿ, ಅಲ್ಲಿದ್ದ ಹಳದಿ ಕಾಗದದ ಕಟ್ಟುಗಳನ್ನು ಸಂಪಾದಿಸಿ ಅದರ ಮೇಲೆಯೇ ಪತ್ರಿಕೆಯನ್ನು ಅಚ್ಚು ಹಾಕಿಸಿದರು. ಒಂದು ದಾರಿ ಮುಚ್ಚಿದರೆ ಇನ್ನೊಂದನ್ನು ಹುಡುಕುವ ಈ ಗುಣ ಅವರ ಬಾಳಿನುದ್ದಕ್ಕೂ ಕಾಣುತ್ತದೆ.

1923ರಲ್ಲಿ ಮಾಸ್ಕೋದ ಮನಶ್ಶಾಸ್ತ್ರ ಸಂಸ್ಥೆಯಿಂದ ಕರೆ ಬಂದಿತು. ಅಲ್ಲಿ ಅವರು ಕೈಗೊಂಡ ಪ್ರಯೋಗಗಳಲ್ಲೊಂದು ವಿಶೇಷವಾದುದು. ಒಂದೊಂದೇ ಶಬ್ದವನ್ನು ಕೇಳಿಸಿ, ಕೇಳಿದಾತನು ಮನಸ್ಸಿಗೆ ತೋಚಿದ ಶಬ್ದವನ್ನು ಹೇಳುತ್ತಲೇ ಕೈಯಲ್ಲಿರುವ ರಬ್ಬರಿನ ಬುರುಡೆಯನ್ನು ಒತ್ತಬೇಕು. ಮನಸ್ಸಿನೊಳಗೆ ಕಳವಳವಿದ್ದರೆ ಬೆರಳಿನ ಒತ್ತಡ ತಡವರಿಸಿ ಗುಟ್ಟನ್ನು ತೋರಿಸಿಕೊಡುತ್ತಿತ್ತು. ಈ ಸಂಶೋಧನೆಯ ಗ್ರಂಥ 1932ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಕಟವಾಗಿ, ಮೂವತ್ತರ ಆ ತರುಣನ ಹೆಸರು ಕಡಲಾಚೆಗೂ ಹಬ್ಬಿತು.

ವಿಗೋತ್ಸ್ಕಿಯವರ ಗೆಳೆತನ

1924ರಲ್ಲಿ ಲೆನಿನ್‌ಗ್ರಾಡಿನಲ್ಲಿ ಸೇರಿದ ಸಮ್ಮೇಳನವೊಂದರಲ್ಲಿ ಗೋಮೆಲ್ ಎಂಬ ಊರಿನ ಉಪಾಧ್ಯಾಯರೊಬ್ಬರು ಉಪನ್ಯಾಸ ಮಾಡಿದರು. ಹೆಸರು ಲೆವ್ ವಿಗೋತ್ಸ್ಕಿ. ಆ ಭಾಷಣದ ತೇಜಸ್ಸಿಗೆ ಮಾರುಹೋದ ಲೂರಿಯಾ ಅವರನ್ನು ಮಾಸ್ಕೋಗೆ ಕರೆಸಿಕೊಳ್ಳಲು ಕಾರಣರಾದರು. ಮುಂದಿನ ಹತ್ತು ವರ್ಷಗಳ ಅವರಿಬ್ಬರ ಗೆಳೆತನ ಮನಶ್ಶಾಸ್ತ್ರದ ಇತಿಹಾಸದಲ್ಲಿ ಚಿರಸ್ಮರಣೀಯವಾಗಿದೆ.

ವಿಗೋತ್ಸ್ಕಿಯವರ ಮುಖ್ಯ ವಿಚಾರ ಸರಳವಾದುದು. ಮನುಷ್ಯನು ಬರಿಯ ಮಿದುಳಿನಿಂದ ಯೋಚಿಸುವುದಿಲ್ಲ. ಸಮಾಜವು ತನಗೆ ಕೊಟ್ಟ ಸಾಧನಗಳಿಂದಲೂ ಯೋಚಿಸುತ್ತಾನೆ. ಮರೆಯಬಾರದೆಂದು ಸೆರಗಿಗೆ ಗಂಟು ಹಾಕಿಕೊಳ್ಳುವ ತಾಯಿ, ಹಾಲಿನ ಲೆಕ್ಕಕ್ಕೆ ಗೋಡೆಯ ಮೇಲೆ ಗೆರೆ ಎಳೆಯುವ ಗೃಹಿಣಿ, ಬೆರಳ ಗಿಣ್ಣು ಮುಟ್ಟಿ ಎಣಿಸುವ ಅಂಗಡಿಯವನು, ಇವರೆಲ್ಲರೂ ತಮ್ಮ ಮನಸ್ಸಿನ ಕೆಲಸದ ಒಂದು ಪಾಲನ್ನು ಹೊರಗಿನ ವಸ್ತುವಿಗೆ ಒಪ್ಪಿಸುತ್ತಾರೆ. ಭಾಷೆಯು ಇಂತಹ ಸಾಧನಗಳಲ್ಲೆಲ್ಲ ಮಿಗಿಲಾದುದು.

ಈ ವಿಚಾರವನ್ನು ಅವರು ರೋಗಿಗಳಲ್ಲಿಯೂ ಪರೀಕ್ಷಿಸಿದರು. ಮೈನಡುಕದ ಪಾರ್ಕಿನ್ಸನ್ ರೋಗಿಯೊಬ್ಬನಿಗೆ ಸಮತಟ್ಟಾದ ನೆಲದ ಮೇಲೆ ಎರಡು ಹೆಜ್ಜೆ ಇಡುವುದೂ ಅಸಾಧ್ಯವಾಗಿತ್ತು. ಅದೇ ರೋಗಿ ಮೆಟ್ಟಿಲುಗಳನ್ನು ಸಲೀಸಾಗಿ ಹತ್ತುತ್ತಿದ್ದ. ಮೆಟ್ಟಿಲು ಒಂದೊಂದೂ ಅವನ ಕಾಲಿಗೆ ಒಂದೊಂದು ಗುರುತಾಗುತ್ತಿತ್ತು. ಆಗ ನೆಲದ ಮೇಲೆ ಕಾಗದದ ತುಂಡುಗಳನ್ನು ಸಾಲಾಗಿ ಹರಡಿ, ಒಂದೊಂದನ್ನೂ ದಾಟುತ್ತ ನಡೆಯೆಂದರು. ರೋಗಿ ನಡೆದ! ಕೆಟ್ಟ ದಾರಿಯನ್ನು ಬಿಟ್ಟು ಕೆಡದ ದಾರಿಯಿಂದ ಗುರಿ ಮುಟ್ಟಿಸಬಹುದೆಂಬ ತತ್ತ್ವ ಅಂದು ಲೂರಿಯಾರ ಮನಸ್ಸಿನಲ್ಲಿ ಬೇರೂರಿತು.

ಉಜ್ಬೇಕಿಸ್ತಾನದ ಯಾತ್ರೆ

1931 ಮತ್ತು 1932ರಲ್ಲಿ ಲೂರಿಯಾ ಮಧ್ಯ ಏಷ್ಯಾದ ಉಜ್ಬೇಕಿಸ್ತಾನಕ್ಕೆ ಸಂಶೋಧಕರ ತಂಡದೊಡನೆ ಹೋದರು. ಅಕ್ಷರವರಿಯದ ರೈತರ ಮುಂದೆ ಸುತ್ತಿಗೆ, ಗರಗಸ, ಕೊಡಲಿ, ಮರದ ದಿಮ್ಮಿ ಈ ನಾಲ್ಕರ ಚಿತ್ರಗಳನ್ನಿಟ್ಟು, ಗುಂಪಿಗೆ ಸೇರದುದು ಯಾವುದೆಂದು ಕೇಳಿದರು. ದಿಮ್ಮಿಯನ್ನು ತೆಗೆದಿಡಲು ರೈತರು ಒಪ್ಪಲಿಲ್ಲ. ದಿಮ್ಮಿಯಿಲ್ಲದಿದ್ದರೆ ಗರಗಸಕ್ಕೂ ಕೊಡಲಿಗೂ ಕೆಲಸವೆಲ್ಲಿಯದು ಎಂಬುದು ಅವರ ವಾದ. ಹಿಮ ಬೀಳುವ ದೂರದ ಉತ್ತರದಲ್ಲಿ ಕರಡಿಗಳೆಲ್ಲ ಬಿಳಿಯವು, ಇಂತಹ ಊರು ಉತ್ತರದಲ್ಲಿದೆ, ಅಲ್ಲಿಯ ಕರಡಿಯ ಬಣ್ಣ ಯಾವುದೆಂದು ಕೇಳಿದರೆ, ತಾವು ಆ ಊರಿಗೆ ಹೋಗಿಲ್ಲ, ನೋಡದುದನ್ನು ಹೇಳುವುದು ಹೇಗೆಂದು ಮರುಪ್ರಶ್ನೆ ಹಾಕಿದರು. ಅದೇ ಸೀಮೆಯಲ್ಲಿ ಸ್ವಲ್ಪಕಾಲ ಶಾಲೆಯ ಮೆಟ್ಟಿಲು ಹತ್ತಿದವರು ಮಾತ್ರ ಇಂತಹ ಪ್ರಶ್ನೆಗಳಿಗೆ ಪುಸ್ತಕದ ರೀತಿಯಲ್ಲಿಯೇ ಉತ್ತರಿಸಿದರು.

ಲೂರಿಯಾ ಇದರಿಂದ ಕಂಡುಕೊಂಡುದೇನು? ಯೋಚಿಸುವ ರೀತಿ ರಕ್ತದಿಂದಲೂ ಜನಾಂಗದಿಂದಲೂ ಬರುವುದಲ್ಲ; ಬದುಕಿನಿಂದಲೂ ವಿದ್ಯೆಯಿಂದಲೂ ಬರುವುದು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಇರುಳು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತು ಮೇಲೆ ಬಂದ ನಮ್ಮವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾದುದಿಲ್ಲ.

ಆದರೆ ಈ ಸಂಶೋಧನೆ ಸರಕಾರದ ಹಿಡಿತದಲ್ಲಿದ್ದ ವಿಮರ್ಶಕರಿಗೆ ರುಚಿಸಲಿಲ್ಲ. ಹಿಂದುಳಿದ ಜನಾಂಗಗಳನ್ನು ಅವಹೇಳನ ಮಾಡಿದರೆಂಬ ಅಪವಾದ ಲೂರಿಯಾರ ಮೇಲೆ ಬಂದಿತು. ಈ ಯಾತ್ರೆಯ ಪೂರ್ಣ ವರದಿ ಗ್ರಂಥರೂಪದಲ್ಲಿ ಹೊರಬಂದುದು ನಾಲ್ಕು ದಶಕಗಳ ತರುವಾಯ, 1974ರಲ್ಲಿ.

ಒಂದು ಬಾಗಿಲು ಮುಚ್ಚಿದಾಗ

1934ರಲ್ಲಿ ಕ್ಷಯರೋಗದಿಂದ ವಿಗೋತ್ಸ್ಕಿ ತೀರಿಕೊಂಡರು. ಅವರಿಗೆ ಕೇವಲ ಮೂವತ್ತೇಳು ವರ್ಷ. ಎರಡು ವರ್ಷಗಳಲ್ಲಿ, ಮಕ್ಕಳ ಮನಸ್ಸನ್ನು ಪರೀಕ್ಷಿಸುವ ವಿದ್ಯೆಯನ್ನೇ ಖಂಡಿಸಿ ಪಕ್ಷದ ಆಜ್ಞೆ ಹೊರಟಿತು. ವಿಗೋತ್ಸ್ಕಿಯವರ ಗ್ರಂಥಗಳು ಕತ್ತಲಿಗೆ ಸೇರಿದವು. ಲೂರಿಯಾರ ಮುಂದಿನ ದಾರಿ ಮುಚ್ಚಿತು.

ಅವರು ಎದೆಗುಂದಲಿಲ್ಲ. ಹೊರದೇಶಗಳಲ್ಲಿಯೂ ಹೆಸರು ಪಡೆದ ಪಂಡಿತರು ವೈದ್ಯಕೀಯ ಕಾಲೇಜಿನ ಬೆಂಚಿನ ಮೇಲೆ ತಮಗಿಂತ ಹತ್ತಾರು ವರ್ಷ ಕಿರಿಯರಾದ ವಿದ್ಯಾರ್ಥಿಗಳ ನಡುವೆ ಕುಳಿತರು. 1937ರಲ್ಲಿ ವೈದ್ಯ ಪದವಿ ಪಡೆದು, ಖ್ಯಾತ ಶಸ್ತ್ರವೈದ್ಯ ಬುರ್ದೆಂಕೊ ಅವರ ಮಿದುಳು ಶಸ್ತ್ರಚಿಕಿತ್ಸಾಲಯದಲ್ಲಿ ಕಿರಿಯ ವೈದ್ಯರಾಗಿ ಸೇರಿದರು. ಕೈಕೆಳಗೆ ಸಹಾಯಕರಿಲ್ಲ, ಅಧಿಕಾರವಿಲ್ಲ. ರೋಗಿಯ ಮಗ್ಗುಲಲ್ಲಿ ಕುಳಿತು ಗಮನಿಸುವುದೇ ಕೆಲಸ. ಆ ಎರಡು ವರ್ಷಗಳನ್ನು ತಮ್ಮ ಜೀವನದ ಅತ್ಯಂತ ಫಲಪ್ರದವಾದ ಕಾಲವೆಂದು ಅವರು ಮುಂದೆ ನೆನೆದರು.

ಯುದ್ಧದ ಆಸ್ಪತ್ರೆ

1941ರಲ್ಲಿ ಹಿಟ್ಲರನ ಸೈನ್ಯ ರಶಿಯಾದ ಮೇಲೆ ನುಗ್ಗಿತು. ತಲೆಗೆ ಗುಂಡು ತಗುಲಿ, ಪ್ರಾಣ ಉಳಿದು, ಮನಸ್ಸಿನ ಶಕ್ತಿ ಕಳೆದುಕೊಂಡ ಯೋಧರು ಸಾವಿರಗಟ್ಟಲೆಯಾದರು. ಉರಾಲ್ ಪರ್ವತಗಳ ದಕ್ಷಿಣದ ಕಿಸೆಗಾಚ್ ಎಂಬಲ್ಲಿ ಇವರಿಗಾಗಿ ನಾನೂರು ಹಾಸಿಗೆಗಳ ಆಸ್ಪತ್ರೆಯೊಂದನ್ನು ಸಜ್ಜುಗೊಳಿಸುವ ಭಾರ ಲೂರಿಯಾರ ಮೇಲೆ ಬಿದ್ದಿತು.

ಆ ಕಾಲಕ್ಕೆ ಮಿದುಳನ್ನು ಕುರಿತು ಎರಡು ಮತಗಳಿದ್ದುವು. 1861ರಲ್ಲಿ ಪ್ಯಾರಿಸಿನ ಪಾಲ್ ಬ್ರೋಕಾ, ಮಾತಾಡುವ ಶಕ್ತಿ ಮಿದುಳಿನ ಎಡ ಮುಂಭಾಗದ ಒಂದು ಸಣ್ಣ ಸ್ಥಳಕ್ಕೆ ಸೇರಿದುದೆಂದು ತೋರಿಸಿದ್ದರು. 1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ, ಕೇಳಿದ ಮಾತನ್ನು ಗ್ರಹಿಸುವ ಸ್ಥಳವನ್ನು ಇನ್ನಷ್ಟು ಹಿಂದೆ ಗುರುತಿಸಿದ್ದರು. ಇದನ್ನೇ ಹಿಡಿದು, ಒಂದೊಂದು ಶಕ್ತಿಗೂ ಮಿದುಳಿನಲ್ಲಿ ಒಂದೊಂದು ಕೋಣೆಯಿದೆಯೆಂದು ಕೆಲವರು ವಾದಿಸಿದರು. ಇಲ್ಲ, ಮಿದುಳು ಇಡಿಯಾಗಿಯೇ ಕೆಲಸ ಮಾಡುತ್ತದೆಂದು ಇನ್ನು ಕೆಲವರು ಹಟ ಹಿಡಿದರು.

ಲೂರಿಯಾ ಎರಡನ್ನೂ ಒಪ್ಪದೆ ನಡುವಿನ ಹಾದಿ ಹಿಡಿದರು. ಅದನ್ನು ನಮ್ಮ ಹೋಟೆಲಿನ ಮಾತಿನಲ್ಲಿ ಹೇಳಬಹುದು. ಗಿರಾಕಿಯ ಮುಂದೆ ಒಂದು ದೋಸೆ ಬರಬೇಕಾದರೆ ರುಬ್ಬುವವನು, ಕಾವಲಿಯ ಮುಂದೆ ನಿಂತವನು, ಚಟ್ನಿ ಮಾಡುವವನು, ತಂದಿಡುವ ಮಾಣಿ ಇವರೆಲ್ಲರ ಕೈ ಕೂಡಬೇಕು. ಯಾರೊಬ್ಬರು ರಜೆಯಾದರೂ ದೋಸೆ ಕೆಡುತ್ತದೆ. ಆದರೆ ಒಬ್ಬೊಬ್ಬರು ಇಲ್ಲದಾಗಲೂ ಅದು ಕೆಡುವ ಬಗೆ ಬೇರೆ. ಓದು, ಬರಹ, ಲೆಕ್ಕ, ನೆನಪು ಎಲ್ಲವೂ ಹೀಗೆಯೇ ಮಿದುಳಿನ ಹಲವು ಭಾಗಗಳ ಕೂಡುಕೆಲಸ. ಆದುದರಿಂದ ರೋಗಿಗೆ ಬರೆಯಲು ಬಾರದೆಂದು ತಿಳಿದರೆ ಸಾಲದು. ಧ್ವನಿಯನ್ನು ಬಿಡಿಸಿ ಕೇಳಲಾಗದೆ ಬರೆಯಲಾರನೋ, ಅಕ್ಷರದ ಆಕಾರ ಮರೆತಿದ್ದಾನೋ, ಕೈಯ ಚಲನೆಯ ಕ್ರಮ ತಪ್ಪಿದೆಯೋ ಎಂಬುದನ್ನು ಕಂಡುಹಿಡಿಯಬೇಕು. ಕಡಿದ ಕೊಂಡಿ ಯಾವುದೆಂದು ತಿಳಿದರೆ, ಉಳಿದ ಕೊಂಡಿಗಳ ನೆರವಿನಿಂದ ಸರಪಳಿಯನ್ನು ಬೇರೆ ರೀತಿಯಲ್ಲಿ ಜೋಡಿಸಬಹುದು.

ಇದಕ್ಕಾಗಿ ಅವರು ಬಳಸಿದ ಪರೀಕ್ಷೆಗಳಿಗೆ ದೊಡ್ಡ ಯಂತ್ರಗಳು ಬೇಕಿರಲಿಲ್ಲ. ಮೇಜಿನ ಮೇಲೆ ತಾಳ ಕುಟ್ಟಿ ಅದರಂತೆ ಕುಟ್ಟೆನ್ನುವುದು. ಕತೆ ಹೇಳಿ ತಿರುಗಿ ಹೇಳಿಸುವುದು. ನೂರರಿಂದ ಏಳೇಳು ಕಳೆಯುತ್ತ ಹೋಗೆನ್ನುವುದು. ಮುಷ್ಟಿ, ಅಂಗೈಯ ಅಂಚು, ಅಂಗೈ ಹೀಗೆ ಮೂರು ಭಂಗಿಗಳನ್ನು ಒಂದರ ಮೇಲೊಂದರಂತೆ ಮೇಜಿನ ಮೇಲೆ ಇಡಿಸುವುದು. ನೋಡಲು ಮಕ್ಕಳ ಆಟ. ಆದರೆ ಯಾವ ತಪ್ಪು ಯಾವ ಭಾಗದ ಕೆಡುಕನ್ನು ಸೂಚಿಸುತ್ತದೆಂಬುದನ್ನು ಲೂರಿಯಾ ನೂರಾರು ಗಾಯಾಳುಗಳಲ್ಲಿ ಹೋಲಿಸಿ ನೋಡಿ ಗೊತ್ತುಮಾಡಿದರು. ಈ ಅನುಭವದ ಫಲವಾಗಿ 1947ರಲ್ಲಿ ಗಾಯದಿಂದ ಮಾತು ಕಳೆದುಕೊಂಡವರನ್ನು ಕುರಿತ ಗ್ರಂಥವೂ, 1948ರಲ್ಲಿ ಕಳೆದ ಶಕ್ತಿಗಳ ಪುನರುದ್ಧಾರವನ್ನು ಕುರಿತ ಗ್ರಂಥವೂ ಹೊರಬಂದುವು.

ಜಸೆತ್ಸ್ಕಿ ಎಂಬ ಯೋಧ

ಆ ಗಾಯಾಳುಗಳಲ್ಲಿ ಲೆವ್ ಜಸೆತ್ಸ್ಕಿ ಎಂಬ ತರುಣನ ಕಥೆ ಕಲ್ಲೆದೆಯನ್ನೂ ಕರಗಿಸುವಂತಹುದು. ಎಂಜಿನಿಯರಿಂಗ್ ಓದುತ್ತಿದ್ದ ಆತ ಯುದ್ಧಕ್ಕೆ ಹೋಗಿ, 1943ನೆಯ ಮಾರ್ಚ್ 2ರಂದು ತಲೆಯ ಎಡ ಹಿಂಭಾಗಕ್ಕೆ ಗುಂಡು ತಗುಲಿ ಬಿದ್ದ. ಎಚ್ಚರವಾದಾಗ ಅವನ ಲೋಕವೇ ಚೂರುಚೂರಾಗಿತ್ತು. ವಸ್ತುಗಳ ಬಲಭಾಗ ಕಣ್ಣಿಗೆ ಕಾಣಿಸದು. ಎಡ ಯಾವುದು, ಬಲ ಯಾವುದು ತಿಳಿಯದು. ಓದಲು ಬಾರದು, ಲೆಕ್ಕ ಬಾರದು. ತಂದೆಯ ತಮ್ಮ ಎಂದರೆ ಯಾರು, ತಮ್ಮನ ತಂದೆ ಎಂದರೆ ಯಾರು, ಈ ಎರಡರ ಭೇದವನ್ನು ಎಷ್ಟು ಹೆಣಗಿದರೂ ಗ್ರಹಿಸಲಾರ. ಮನೆಗೆ ಮರಳಿದ ಮೇಲೆ ತನ್ನ ಬೀದಿಯಲ್ಲಿಯೇ ದಾರಿ ತಪ್ಪುತ್ತಿದ್ದ.

ಆದರೆ ಗುಂಡು ಅವನ ಹಣೆಯ ಹಿಂದಿನ ಮಿದುಳನ್ನು ಮುಟ್ಟಿರಲಿಲ್ಲ. ಸಂಕಲ್ಪ ಮಾಡುವುದು, ತನ್ನ ತಪ್ಪನ್ನು ತಾನೇ ಅರಿಯುವುದು, ಗುರಿ ಬಿಡದೆ ಹಿಡಿಯುವುದು ಇವೆಲ್ಲವೂ ಆ ಭಾಗದ ಕೆಲಸ. ಅಲ್ಲಿ ಗಾಯವಾದವರನ್ನೂ ಲೂರಿಯಾ ಕಂಡಿದ್ದರು. ಅವರಿಗೆ ಮಾತಿತ್ತು, ಓದು ಬರುತ್ತಿತ್ತು. ಏನನ್ನಾದರೂ ಮಾಡಬೇಕೆಂಬ ಸಂಕಲ್ಪವೇ ಇರಲಿಲ್ಲ. ಜಸೆತ್ಸ್ಕಿಯದು ಇದಕ್ಕೆ ತೀರ ವಿರುದ್ಧವಾದ ಸ್ಥಿತಿ. ಅವನು ಎಲ್ಲವನ್ನೂ ಕಳೆದುಕೊಂಡಿದ್ದ. ತಾನು ಕಳೆದುಕೊಂಡೆನೆಂಬ ಅರಿವನ್ನು ಮಾತ್ರ ಉಳಿಸಿಕೊಂಡಿದ್ದ.

ಬರಹವನ್ನು ಮತ್ತೆ ಕಲಿಸುವಾಗ ಒಂದೊಂದು ಅಕ್ಷರದ ಆಕಾರವನ್ನೂ ನೆನಪಿಗೆ ತಂದುಕೊಳ್ಳಲು ಅವನು ಒದ್ದಾಡುತ್ತಿದ್ದ. ಆಗ, ಅಕ್ಷರಗಳನ್ನು ಯೋಚಿಸಬೇಡ, ಲೇಖನಿಯನ್ನು ಎತ್ತದೆ ಒಂದೇ ಓಟದಲ್ಲಿ ಶಬ್ದವನ್ನು ಬರೆ ಎಂದು ಸೂಚಿಸಲಾಯಿತು. ಕಣ್ಣು ಮರೆತುದನ್ನು ಕೈ ಮರೆತಿರಲಿಲ್ಲ! ಶಬ್ದ ತಾನಾಗಿ ಹಾಳೆಯ ಮೇಲೆ ಮೂಡಿತು. ಆದರೆ ಬರೆದುದನ್ನು ಓದುವುದು ಮಾತ್ರ ಅವನಿಗೆ ಕೊನೆಯವರೆಗೂ ಬಹು ಕಷ್ಟದ ಕೆಲಸವಾಗಿಯೇ ಉಳಿಯಿತು. ಒಂದು ಶಬ್ದಕ್ಕಾಗಿ ಹೊತ್ತುಗಟ್ಟಲೆ ಕಾಯುತ್ತ, ದಿನಕ್ಕೆ ಕೆಲವು ಸಾಲುಗಳಂತೆ, ಇಪ್ಪತ್ತೈದು ವರ್ಷಗಳಲ್ಲಿ ಸುಮಾರು ಮೂರು ಸಾವಿರ ಪುಟಗಳಲ್ಲಿ ತನ್ನ ಕಥೆಯನ್ನು ಬರೆದ. ಲೂರಿಯಾ ಆ ಬರಹವನ್ನು ತಮ್ಮ ವಿವರಣೆಯೊಡನೆ ಹೊಂದಿಸಿ 1971ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು.

ಮರೆಯಲಾರದ ಮನುಷ್ಯ

ನೆನಪು ಕಳೆದುಕೊಂಡವರನ್ನು ನೋಡಿದ ಲೂರಿಯಾ, ನೆನಪು ಅತಿಯಾದವನೊಬ್ಬನನ್ನೂ ಸುಮಾರು ಮೂವತ್ತು ವರ್ಷ ಪರೀಕ್ಷಿಸಿದರು. 1920ರ ದಶಕದಲ್ಲಿ ಮಾಸ್ಕೋದ ಪತ್ರಿಕೆಯೊಂದರಲ್ಲಿ ಶೆರೆಶೆವ್ಸ್ಕಿ ಎಂಬ ವರದಿಗಾರನಿದ್ದ. ಬೆಳಗ್ಗೆ ಸಂಪಾದಕರು ಕೆಲಸ ಹಂಚುವಾಗ ಇವನು ಏನನ್ನೂ ಬರೆದುಕೊಳ್ಳುತ್ತಿರಲಿಲ್ಲ. ಸಂಪಾದಕರು ಗದರಿಸಿ ಕೇಳಿದರೆ, ಹೇಳಿದುದನ್ನೆಲ್ಲ ಅಕ್ಷರ ತಪ್ಪದೆ ತಿರುಗಿ ಒಪ್ಪಿಸಿದ. ಬೆರಗಾದ ಸಂಪಾದಕರು ಅವನನ್ನು ಮನಶ್ಶಾಸ್ತ್ರಜ್ಞರಲ್ಲಿಗೆ ಕಳುಹಿಸಿದರು. ಎಪ್ಪತ್ತು ಶಬ್ದಗಳ ಪಟ್ಟಿಯನ್ನಾಗಲಿ ಅಂಕೆಗಳ ಸಾಲನ್ನಾಗಲಿ ಒಮ್ಮೆ ಕೇಳಿದರೆ ಸಾಕು. ಹದಿನೈದು ವರ್ಷಗಳ ಮೇಲೂ ಹೇಳಬಲ್ಲವನಾಗಿದ್ದ.

ಎಂತಹ ಭಾಗ್ಯವೆಂದು ನಮಗೆ ತೋರಬಹುದು. ಆದರೆ ಅವನಿಗೆ ಒಂದೊಂದು ಶಬ್ದವೂ ಬಣ್ಣವಾಗಿ, ರುಚಿಯಾಗಿ, ಚಿತ್ರವಾಗಿ ಎದುರು ನಿಲ್ಲುತ್ತಿತ್ತು. ಚಿತ್ರಗಳ ಜಾತ್ರೆಯಲ್ಲಿ ಮಾತಿನ ಸಾರವೇ ತಪ್ಪಿಹೋಗುತ್ತಿತ್ತು. ಮರೆಯಬೇಕೆಂದು ಕಾಗದದ ಮೇಲೆ ಬರೆದು ಸುಟ್ಟುಹಾಕಿದರೂ ಮರೆಯಲಾಗದೆ ಬಳಲಿದ. ಒಂದು ಕೆಲಸದಲ್ಲಿ ನೆಲೆ ನಿಲ್ಲಲಾರದೆ, ಕೊನೆಗೆ ವೇದಿಕೆಯ ಮೇಲೆ ನೆನಪಿನ ಚಮತ್ಕಾರ ತೋರಿಸಿ ಹೊಟ್ಟೆ ಹೊರೆದ. 1968ರಲ್ಲಿ ಲೂರಿಯಾ ಇವನನ್ನು ಕುರಿತು ಬರೆದ ಪುಟ್ಟ ಪುಸ್ತಕ ಜಗತ್ತಿನಾದ್ಯಂತ ಓದುಗರನ್ನು ಪಡೆಯಿತು.

ಹಿತವಾಗಿ ಮರೆಯುವುದೂ ಆರೋಗ್ಯದ ಲಕ್ಷಣವೇ. ಲೂರಿಯಾರ ಸಹೋದ್ಯೋಗಿಯಾಗಿದ್ದ ಬ್ಲೂಮಾ ಜೈಗಾರ್ನಿಕ್ ಎಂಬ ಮಹಿಳೆ 1927ರಲ್ಲಿ ಬರ್ಲಿನ್ನಿನಲ್ಲಿ ಪ್ರಕಟಿಸಿದ ಸಂಶೋಧನೆಯನ್ನು ಇಲ್ಲಿ ನೆನೆಯಬೇಕು. ಅರ್ಧಕ್ಕೆ ನಿಂತ ಕೆಲಸ ಮುಗಿದ ಕೆಲಸಕ್ಕಿಂತ ಹೆಚ್ಚು ನೆನಪಿನಲ್ಲಿರುತ್ತದೆಂಬುದು ಅದರ ಸಾರ. ಹಣ ಪಾವತಿಯಾಗುವವರೆಗೆ ಗಿರಾಕಿಯ ಲೆಕ್ಕವನ್ನು ನೆನಪಿಟ್ಟು, ಪಾವತಿಯಾದೊಡನೆ ಮರೆತುಬಿಡುತ್ತಿದ್ದ ಹೋಟೆಲಿನ ಮಾಣಿಯೊಬ್ಬನೇ ಈ ಸಂಶೋಧನೆಗೆ ಪ್ರೇರಣೆಯೆಂದು ಹೇಳುವುದುಂಟು.

ಕೊನೆಯ ವರ್ಷಗಳು

ಯುದ್ಧದ ಅನಂತರವೂ ಲೂರಿಯಾರಿಗೆ ನೆಮ್ಮದಿಯಿರಲಿಲ್ಲ. 1950ರಲ್ಲಿ ಪಾವ್ಲೊವ್‌ರ ಸಿದ್ಧಾಂತವನ್ನೇ ಎಲ್ಲರೂ ಅನುಸರಿಸಬೇಕೆಂಬ ಒತ್ತಾಯ ರಶಿಯಾದ ವಿಜ್ಞಾನಲೋಕದಲ್ಲಿ ಬಲವಾಯಿತು. ಶಸ್ತ್ರಚಿಕಿತ್ಸಾಲಯದ ಅವರ ಸ್ಥಾನ ತಪ್ಪಿತು. ಅವರು ಬುದ್ಧಿ ಮಾಂದ್ಯವುಳ್ಳ ಮಕ್ಕಳ ಅಧ್ಯಯನ ನಡೆಯುತ್ತಿದ್ದ ಸಂಸ್ಥೆಯನ್ನು ಸೇರಿ, ಮಾತು ಮಗುವಿನ ನಡತೆಯನ್ನು ಹೇಗೆ ತಿದ್ದುತ್ತದೆಂಬುದನ್ನು ಶೋಧಿಸಿದರು. ದಶಕದ ಕೊನೆಯ ಹೊತ್ತಿಗೆ ಮಿದುಳಿನ ಕೆಲಸಕ್ಕೆ ಮರಳಿದರು. 1962ರ ಅವರ ಮಹಾಗ್ರಂಥವೂ 1973ರ ಇನ್ನೊಂದು ಗ್ರಂಥವೂ ಇಂದಿಗೂ ಈ ಶಾಸ್ತ್ರದ ಆಧಾರಗಳಾಗಿವೆ. 1968ರಲ್ಲಿ ಅಮೆರಿಕೆಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಅವರನ್ನು ವಿದೇಶೀ ಸದಸ್ಯರನ್ನಾಗಿ ಆರಿಸಿ ಗೌರವಿಸಿತು.

1977ನೆಯ ಆಗಸ್ಟ್ 14ರಂದು ಹೃದಯದ ಬೇನೆಯಿಂದ ಲೂರಿಯಾ ಮಾಸ್ಕೋದಲ್ಲಿ ನಿಧನರಾದರು. ಜಸೆತ್ಸ್ಕಿ 1993ರವರೆಗೂ ಬದುಕಿದ್ದ.

ನಮ್ಮ ನಾಡಿನಲ್ಲಿಯೂ ಈ ವಿದ್ಯೆಯ ಪ್ರಯೋಜನ ಜನರಿಗೆ ದೊರೆಯುತ್ತಿದೆ. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆಯಿತು. ಅಲ್ಲಿ ನರಮನಶ್ಶಾಸ್ತ್ರದ ಪರೀಕ್ಷೆಗಳೂ, ಕುಂದಿದ ಶಕ್ತಿಗಳನ್ನು ಮರಳಿ ಕಟ್ಟುವ ತರಬೇತಿಯೂ ನಡೆಯುತ್ತವೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಲಕ್ವದಿಂದ ಮಾತು ಹೋದವರಿಗೆ ಮಾತು ಕಲಿಸುವ ಚಿಕಿತ್ಸೆಯುಂಟು. ಮುಖ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದೊಡನೆ ತಡಮಾಡದೆ ಆಸ್ಪತ್ರೆಗೆ ಸೇರಿಸುವುದು ಮೊದಲ ಕರ್ತವ್ಯ. ಪ್ರಾಣ ಉಳಿದ ಮೇಲೆ ಇಂತಹ ಕಡೆ ಪರೀಕ್ಷೆ ಮಾಡಿಸುವುದು ಎರಡನೆಯದು.

ಮೂರನೆಯದು ಮನೆಯವರ ಮತ್ತು ಜತೆಗಾರರ ಕೈಯಲ್ಲಿದೆ. ರೋಗಿ ಕಳೆದುಕೊಂಡುದನ್ನು ಎಣಿಸಿ ಮರುಗುವ ಬದಲು ಅವನಲ್ಲಿ ಉಳಿದಿರುವುದೇನೆಂದು ನೋಡಬೇಕು. ಹೆಸರು ಮರೆತವರಿಗೆ ಚೀಟಿ, ಹೊತ್ತು ಮರೆತವರಿಗೆ ಗೋಡೆಯ ಮೇಲೆ ಬರೆದ ದಿನಚರಿ, ಮಾತು ಬಾರದವರಿಗೆ ಚಿತ್ರ, ಓದಲಾರದವರಿಗೆ ಪಕ್ಕದಲ್ಲಿ ಕುಳಿತು ನಿಧಾನವಾಗಿ ಓದಿ ಹೇಳುವ ಒಬ್ಬ ಗೆಳೆಯ. ಇವು ಖರ್ಚಿಲ್ಲದ ಸಾಧನಗಳು. ತಾಳ್ಮೆಯನ್ನು ಮಾತ್ರ ಬೇಡುತ್ತವೆ. ಓದಲಾರದ ಯೋಧನೊಬ್ಬ ಮೂರು ಸಾವಿರ ಪುಟ ಬರೆದನೆಂಬುದನ್ನು ಬಲ್ಲವರು, ಯಾರನ್ನೂ ಕೆಲಸಕ್ಕೆ ಬಾರದವರೆಂದು ಮೂಲೆಗೆ ಕೂರಿಸುವ ಮುನ್ನ ಒಂದು ಗಳಿಗೆ ಯೋಚಿಸುವರು.